ಮೋರಿಗೊಂದು ಮಡಿಲಕ್ಕಿ

ನನ್ನ ಮೊಬೈಲಿನಲ್ಲಿ ಮಗಳ ಫೋಟೊಗಳಿಗಿಂತ ನಮ್ಮ ಬೀದಿಯ ಮೋರಿಯ ಫೋಟೊಗಳೇ ಜಾಸ್ತಿ ಇವೆ. ಇದನ್ನು ಕಂಡುಹಿಡಿದವಳು ಮಗಳೇ. ಅತ್ತಿಬೆಲೆಯಿಂದ ನನ್ನನ್ನು ನೋಡಲು ಬಂದವಳು ತನ್ನ ಮದುವೆಯ ಯಾವುದೋ ಫೋಟೊ ಹುಡುಕಲು ಹೋಗಿ, ಮಳೆಗೆ ಮುಂಚಿನ ಮೋರಿ, ಮಳೆ ಬರುವಾಗಿನ ಮೋರಿ, ಹೂಳು ತೆಗೆದ ಮೋರಿ ಎಲ್ಲವನ್ನೂ ದಾಟಿ ದಾಟಿ ಸುಸ್ತಾದಳು. "ಅಮ್ಮಾ, ಜನ ಹೂವಿನ ಫೋಟೊ ತೆಗೀತಾರೆ. ನೀನು ಚರಂಡಿದು ತೆಗೀತೀಯಲ್ಲ!" ಎಂದು ಫೋನನ್ನು ಸೋಫಾದ ಮೇಲೆ ಎಸೆದಳು. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಮನೆಗೆ ಬಂದವರಿಗೆ ಕಾಫಿ ಕೊಡುವ ಮೊದಲೇ ಬಾಲ್ಕನಿಗೆ ಕರೆದುಕೊಂಡು ಹೋಗಿ, "ನೋಡಿ, ಎಷ್ಟು ಚೆನ್ನಾಗಿ ಹರೀತಿದೆ" ಎಂದು ಕೆಳಗೆ ತೋರಿಸುವ ಚಟವೂ ನನಗೆ ಹತ್ತಿದೆ. ಬಂದವರು ಪಾಪ, ಇಣುಕಿ ನೋಡಿ ತಲೆಯಾಡಿಸುತ್ತಾರೆ. ಒಂದು ಮೋರಿಯನ್ನು ಹೇಗೆ ಹೊಗಳಬೇಕೆಂದು ಅವರಿಗೆ ಯಾರೂ ಕಲಿಸಿರುವುದಿಲ್ಲ.

ನನಗೂ ಮೊದಲು ಗೊತ್ತಿರಲಿಲ್ಲ ಬಿಡಿ. ಮೋರಿ ಎಂದರೆ ಮೂಗು ಮುಚ್ಚಿಕೊಂಡು ದಾಟುವ ಜಾಗ ಎಂದೇ ನಾನೂ ತಿಳಿದಿದ್ದೆ. ಈಗ ಅದರ ಮೇಲೆ ನನಗಿರುವುದು ಅಪ್ಪಟ ಕೃತಜ್ಞತೆ. ಅದು ಹೇಗೆ ಬಂತು ಎಂಬುದನ್ನು ಹೇಳಬೇಕಾದರೆ ನಮ್ಮ ಮನೆಯ ಮೆಟ್ಟಿಲುಗಳಿಂದ ಶುರು ಮಾಡಬೇಕು.

ಬಾಗಲಗುಂಟೆಯಲ್ಲಿ ಈ ಮನೆ ಕಟ್ಟಿದಾಗ ನಮ್ಮ ಯಜಮಾನರು ಬೀದಿಯಿಂದ ಬಾಗಿಲಿಗೆ ಠೀವಿಯಿಂದ ಹತ್ತಿ ಹೋಗುವ ಹಾಗೆ ಮೆಟ್ಟಿಲು ಕಟ್ಟಿಸಿದ್ದರು. ಸಂಜೆ ಅದರ ಮೇಲೆ ಕೂತು ಪೇಪರು ಓದುವುದು ಅವರಿಗೆ ದೊಡ್ಡ ಸುಖ. ಆದರೆ ನಮ್ಮ ಕಡೆ ರಸ್ತೆಗೆ ಟಾರು ಹಾಕುವವರು ಹಳೆಯದನ್ನು ಕೆರೆದು ತೆಗೆಯುವ ಗೋಜಿಗೆ ಹೋಗುವುದಿಲ್ಲ. ಅದರ ಮೇಲೆಯೇ ಹೊಸದನ್ನು ಹಾಸುತ್ತಾರೆ. ಹೀಗೆ ರಸ್ತೆ ಬೆಳೆಯುತ್ತ ಬಂತು, ನಮ್ಮ ಮೆಟ್ಟಿಲುಗಳು ಒಂದೊಂದಾಗಿ ನೆಲ ಸೇರಿದವು. ಯಜಮಾನರು ತೀರಿಕೊಂಡ ವರ್ಷ ಇನ್ನೂ ಒಂದು ಮೆಟ್ಟಿಲು ಉಳಿದಿತ್ತು. ಆಮೇಲೆ ಅದೂ ಹೋಯಿತು. ಈಗ ಬೀದಿಯಿಂದ ಕೆಳಗಿನ ಮನೆಗೆ ಹತ್ತುವುದಿಲ್ಲ, ಇಳಿಯುತ್ತೇವೆ. ನಾನು ಮೇಲಿನ ಮನೆಯಲ್ಲಿದ್ದೇನೆ, ಕೆಳಗಿನದನ್ನು ಬಾಡಿಗೆಗೆ ಕೊಟ್ಟಿದ್ದೇನೆ.

ಇತ್ತೀಚೆಗೆ ಕಟ್ಟಿಸಿದವರು ಜಾಣರು. ರಸ್ತೆ ಇನ್ನೂ ಬೆಳೆಯುತ್ತದೆ ಎಂದು ಗೊತ್ತಿದ್ದು ಮನೆಯನ್ನು ಆಳೆತ್ತರಕ್ಕೆ ಎತ್ತಿಬಿಡುತ್ತಾರೆ. ಅಷ್ಟು ಎತ್ತರಕ್ಕೆ ಕಾರು ಹತ್ತಬೇಕಲ್ಲ, ಅದಕ್ಕೆ ಮೋರಿಯ ಮೇಲೆ ಇಳಿಜಾರಾಗಿ ಒಂದು ರ‍್ಯಾಂಪು. ನಮ್ಮ ಬೀದಿಯಲ್ಲಿ ಅತ್ಯಂತ ಸುಂದರವಾದ ರ‍್ಯಾಂಪು ಎದುರುಮನೆಯ ಹನುಮಂತರಾಯಪ್ಪನವರದು. ಗ್ರಾನೈಟು ಹಾಸಿ, ಸಂದಿಗಳಿಗೆಲ್ಲ ಕಾಂಕ್ರೀಟು ತುಂಬಿ, ಸೊಳ್ಳೆ ಕೂಡ ಒಳಗೆ ಹೋಗದ ಹಾಗೆ ಮಾಡಿಸಿದ್ದರು. ಅದರ ಮೇಲೆ ಅವರ ಹೊಸ ಕಾರು ಮೆರವಣಿಗೆಯ ದೇವರಂತೆ ಕೂತಿರುತ್ತಿತ್ತು.

ಹನುಮಂತರಾಯಪ್ಪನವರು ಈ ಊರಿನ ಮೂಲದವರು. ನಮ್ಮ ಮನೆಗಳೆಲ್ಲ ಇರುವುದು ಅವರಪ್ಪನ ಹೊಲದಲ್ಲಿ. ಯಾರಾದರೂ ಕೈಗೆ ಸಿಕ್ಕಿದರೆ ಸಾಕು, "ಇಲ್ಲೇ ಕಣಮ್ಮ ನೀರು ಅರೀತಿದ್ದಿದ್ದು. ಆ ಟೈಲರ್ ಅಂಗಡಿ ಐತಲ್ಲ, ಅಲ್ಲಿ ನಾನು ಏಡಿ ಇಡೀತಿದ್ದೆ" ಎಂದು ಶುರು ಮಾಡುತ್ತಾರೆ. ಅವರ ಏಡಿಗಳಿಂದ ತಪ್ಪಿಸಿಕೊಳ್ಳಲು ನಾನು ಎಷ್ಟೋ ಸಲ ತರಕಾರಿ ಚೀಲ ಹಿಡಿದು ಸುತ್ತು ಹಾಕಿಕೊಂಡು ಮನೆ ಸೇರಿದ್ದೇನೆ. ಹರಿಯುತ್ತಿದ್ದ ನೀರಿನ ಬಗ್ಗೆ ಅಷ್ಟು ಮಾತಾಡುವ ಮನುಷ್ಯ ಅದೇ ನೀರಿನ ದಾರಿಯ ಮೇಲೆ ಗ್ರಾನೈಟು ಹಾಸಿದ್ದು ಅವರಿಗಾಗಲಿ ನಮಗಾಗಲಿ ವಿಚಿತ್ರವೆನಿಸಿರಲಿಲ್ಲ. ನೆನಪಿಗೆ ಒಂದು ಜಾಗ, ಕಾರಿಗೆ ಒಂದು ಜಾಗ.

ಅವರ ಮಾತಿನಲ್ಲಿ ಸತ್ಯವಂತೂ ಇತ್ತು. ಬೆಂಗಳೂರಿಗೆ ಹೇಳಿಕೊಳ್ಳುವಂಥ ನದಿಯಿಲ್ಲ. ನದಿಯಿಲ್ಲದ ಊರಿನ ಹಿರಿಯರು ಮಳೆಯನ್ನೇ ನದಿ ಮಾಡಿಕೊಂಡಿದ್ದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಒಬ್ಬರ ಮನೆಯ ಹಬ್ಬದಡುಗೆ ಮಿಕ್ಕರೆ ಪಕ್ಕದ ಮನೆಗೆ ಕಳಿಸಿದ ಹಾಗೆ ಕೆರೆಗಳು ನೀರನ್ನು ಕಳಿಸಿಕೊಳ್ಳುತ್ತಿದ್ದವು. ಕೆರೆ ಕೋಡಿ ಬಿದ್ದಿತೆಂದರೆ ಊರಿಗೆ ಊರೇ ಹೋಗಿ ಬಾಗಿನ ಕೊಡುತ್ತಿತ್ತು. ಆ ಕಾಲುವೆಗಳಿಗೆ ರಾಜಕಾಲುವೆ ಎಂಬ ಹೆಸರು. ಅಂಥ ಹೆಸರಿಟ್ಟುಕೊಂಡದ್ದು ಈಗ ನಮ್ಮ ಬೀದಿಯ ಕೊನೆಯಲ್ಲಿ ಪ್ಲಾಸ್ಟಿಕ್ ಕವರುಗಳನ್ನು ಹೊದ್ದುಕೊಂಡು ಮಲಗಿದೆ. ನಮ್ಮ ಮೋರಿ ಹೋಗಿ ಸೇರುವುದು ಅದನ್ನೇ.

ಮಳೆಯಾದರೂ ಮೊದಲಿನ ಹಾಗಿದೆಯೇ? ನಾನು ಚಿಕ್ಕವಳಾಗಿದ್ದಾಗ ಮಳೆಗೆ ನಕ್ಷತ್ರದ ಹೆಸರಿರುತ್ತಿತ್ತು, ಹೆಸರಿಗೆ ತಕ್ಕ ಸ್ವಭಾವವಿರುತ್ತಿತ್ತು. ಹಸ್ತ ಎಂದರೆ ಹೀಗೆ, ಚಿತ್ತಾ ಎಂದರೆ ಹಾಗೆ ಎಂದು ಅಜ್ಜಿ ನೆಂಟರ ಗುಣ ಹೇಳಿದಂತೆ ಹೇಳುತ್ತಿದ್ದಳು. ಈಗಿನ ಮಳೆ ಪಂಚಾಂಗ ನೋಡುವುದಿಲ್ಲ. ವಾರಗಟ್ಟಲೆ ಬೆವರಿಳಿಸಿ, ತಿಂಗಳಿಡೀ ಸುರಿಯಬೇಕಾದುದನ್ನು ಒಂದು ಮಧ್ಯಾಹ್ನ ಸುರಿದುಬಿಡುತ್ತದೆ. ಸುರಿದದ್ದನ್ನು ನೆಲ ಕುಡಿಯಲಿ ಎಂದರೆ ನಾವು ಅದಕ್ಕೆ ಬಾಯಿಯನ್ನೇ ಬಿಟ್ಟಿಲ್ಲ, ಅಂಗಳಕ್ಕೆಲ್ಲ ಟೈಲ್ಸು. ವೈಟ್‌ಫೀಲ್ಡ್ ಕಡೆ ನೀರು ನಿಂತರೆ ಲ್ಯಾಪ್‌ಟಾಪ್ ಚೀಲದವರು ಟ್ರಾಕ್ಟರಿನಲ್ಲಿ ಕೂತು ಹೋಗುವುದನ್ನು ಟೀವಿಯಲ್ಲಿ ತೋರಿಸುತ್ತಾರೆ. ನಮ್ಮ ಪೀಣ್ಯದ ಕಡೆ ನಿಂತರೆ ಅದು ನಮಗೂ ನಮ್ಮ ಚಪ್ಪಲಿಗಳಿಗೂ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಕಳೆದ ವರ್ಷ ದಸರೆಯ ಹೊತ್ತಿಗೆ ನಮ್ಮ ಕೆಳಗಿನ ಮನೆಯಲ್ಲಿ ಒಂದು ಬಾಣಂತನ ನಡೆದಿತ್ತು. ಬಾಡಿಗೆಗಿದ್ದವರು ಬಸವರಾಜ, ರೇಣುಕಾ ಎಂಬ ಯಾದಗಿರಿ ಕಡೆಯ ಗಂಡ ಹೆಂಡತಿ. ಅವನಿಗೆ ಪೀಣ್ಯದಲ್ಲಿ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಕೆಲಸ. ರೇಣುಕಾ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಆದರೆ ದಿನ ತುಂಬುವ ಮೊದಲೇ ಇಲ್ಲಿನ ಆಸ್ಪತ್ರೆಯಲ್ಲಿ ಹೆಣ್ಣುಮಗುವಾಯಿತು. ಕೂಸು ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಪ್ರಯಾಣ ಮಾಡಿಸಬೇಡಿ, ಬೆಚ್ಚಗಿಡಿ, ತಂಪು ತಾಗಿಸಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಮಗಳು ತವರಿಗೆ ಹೋಗಲಾಗದ ಕಾರಣ ತವರೇ ಇಲ್ಲಿಗೆ ಬಂತು, ನಿಂಗಮ್ಮನ ರೂಪದಲ್ಲಿ.

ನಿಂಗಮ್ಮ ರೇಣುಕಾಳ ತಾಯಿ. ಬರುವಾಗ ಜೋಳದ ಹಿಟ್ಟು, ಬಜೆ, ಸಬ್ಬಸಿಗೆ ಬೀಜ ಎಲ್ಲ ಕಟ್ಟಿಕೊಂಡು ಬಂದಿದ್ದಳು. ಬಂದ ದಿನವೇ ಮಗಳ ಮಂಚದ ಕೆಳಗೆ ಬಾಣಲೆಯಲ್ಲಿ ಕೆಂಡ ಹಾಕಿಟ್ಟಳು. ಹೊಗೆ ನೇರವಾಗಿ ನನ್ನ ಮಲಗುವ ಕೋಣೆಗೆ. ನಾನು ಇಳಿದು ಹೋಗಿ, ಕೂಸಿಗೆ ಹೊಗೆ ಒಳ್ಳೆಯದಲ್ಲ, ಕಿಟಕಿಯಾದರೂ ತೆಗೆಯಿರಿ ಎಂದೆ. "ತೆರದರ ಗಾಳಿ ಬರ್ತದರಿ ಅಕ್ಕಾರ" ಎಂದು ಅವಳು ಕಿಟಕಿಯ ಸಂದಿಗೆ ಇನ್ನೊಂದು ಬಟ್ಟೆ ತುರುಕಿದಳು. ಜಗಳ ಆಡಿ ಆಡಿ ಕೊನೆಗೆ ಕೆಂಡ ಇಟ್ಟಾಗ ಬಾಗಿಲು ತೆರೆದಿರಬೇಕು ಎಂಬಲ್ಲಿಗೆ ರಾಜಿಯಾಯಿತು. ಅಷ್ಟರಲ್ಲಿ ನಾವಿಬ್ಬರೂ ಸ್ನೇಹಿತೆಯರೇ ಆಗಿದ್ದೆವು.

ಆಯುಧಪೂಜೆ ಬಂತು. ಪೀಣ್ಯ ಸುತ್ತಮುತ್ತ ಇರುವವರಿಗೆ ಆಯುಧಪೂಜೆಗಿಂತ ದೊಡ್ಡ ಹಬ್ಬವಿಲ್ಲ. ಲೇತಿಗೆ ಪೂಜೆ, ಪ್ರೆಸ್ಸಿಗೆ ಪೂಜೆ, ಡ್ರಿಲ್ಲಿಂಗ್ ಮಿಷಿನ್ನಿಗೆ ಪೂಜೆ. ನಾನು ಸ್ಟೋರ್ಸ್ ನೋಡಿಕೊಳ್ಳುವ ಸಣ್ಣ ಕಾರ್ಖಾನೆಯಲ್ಲಿ ನಟ್ಟು ಬೋಲ್ಟಿನ ರ‍್ಯಾಕಿಗೂ ಕುಂಕುಮ ಇಡುತ್ತೇವೆ. ಶೆಡ್ಡಿನ ಬಾಗಿಲಿಗೆ, ಲಾರಿಗೆ, ಸ್ಕೂಟರಿಗೆ ಬಾಳೆಕಂದು. ಎಲ್ಲದರ ಮುಂದೆ ಬೂದುಗುಂಬಳ. ಮರುದಿನ ಪ್ರಶ್ನೆ ಏಳುತ್ತದೆ: ಇದನ್ನೆಲ್ಲ ಏನು ಮಾಡುವುದು? ಪೂಜೆ ಮಾಡಿದ್ದನ್ನು ಕಸಕ್ಕೆ ಹಾಕುವಂತಿಲ್ಲ, ತುಳಿಯುವ ಜಾಗದಲ್ಲಿ ಬಿಸಾಡುವಂತಿಲ್ಲ. ಹರಿಯುವ ನೀರಿಗೆ ಬಿಡಬೇಕು, ಅದು ಸಂಪ್ರದಾಯ. ನಮ್ಮ ಬೀದಿಯಲ್ಲಿ ಹರಿಯುವ ನೀರು ಎಲ್ಲಿದೆ? ಮೋರಿಯಲ್ಲಿದೆ. ಹೀಗೆ ಭಕ್ತಿಯಿಂದಲೇ, ಕೈಮುಗಿದೇ, ಇಡೀ ಬೀದಿ ತನ್ನ ಬಾಳೆಕಂದು, ಕುಂಬಳಕಾಯಿ, ಹೂವಿನ ಹಾರಗಳನ್ನೆಲ್ಲ ಮೋರಿಯ ತೆರೆದ ಬಾಯಿಗಳಿಂದ ಒಳಗೆ ಇಳಿಸಿತು. ನಮ್ಮ ಮನೆಯ ಕಂದು ಹಿಡಿಸದೆ ಹೊರಗೆ ಉಳಿದಾಗ ನಾನೇ ಕಾಲಿನಿಂದ ಒತ್ತಬಾರದೆಂದು ಕೋಲಿನಿಂದ ಒತ್ತಿದೆ.

ವಿಜಯದಶಮಿಯ ಮಧ್ಯಾಹ್ನ ಮೋಡ ಕಪ್ಪಿಟ್ಟಿತು. ನಾನು ಹಬ್ಬದೂಟ ಮುಗಿಸಿ, ಕಿಟಕಿಯ ಬಳಿ ಕೂತು, ಆಹಾ ತಂಪಾಯಿತು ಎಂದುಕೊಳ್ಳುತ್ತಿದ್ದೆ. ಮಳೆ ಬಂದದ್ದು ಹನಿಯಾಗಿ ಅಲ್ಲ, ಟ್ಯಾಂಕು ಒಡೆದ ಹಾಗೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ನಿಂಗಮ್ಮನ ಕೂಗು. ಓಡಿ ಇಳಿದೆ. ನೀರು ಮುಂಬಾಗಿಲಿನಿಂದಲೂ ಬಚ್ಚಲಿನ ತೂತಿನಿಂದಲೂ ಒಟ್ಟಿಗೇ ಒಳಗೆ ಬರುತ್ತಿತ್ತು. ಮಂಚದ ಕೆಳಗಿನ ಕೆಂಡಕ್ಕೆ ನೀರು ತಾಗಿ ಚುಸ್ ಎಂದು ಆರಿತು. ಆ ಸದ್ದು ಕೇಳಿ ರೇಣುಕಾ ಕೂಸನ್ನು ಎದೆಗವುಚಿಕೊಂಡು ಮಂಚದ ಮೇಲೆ ಗೋಡೆಗೆ ಒರಗಿ ನಿಂತುಬಿಟ್ಟಳು. ನಾನು ಕೂಸನ್ನು ಇಸಿದುಕೊಂಡು ಮೇಲಕ್ಕೆ ನಡೆದೆ. ಬಸವರಾಜ ರೇಣುಕಾಳನ್ನು ಮೇಲೆ ಬಿಟ್ಟವನೇ ಹಾಗೆಯೇ ಬೀದಿಗೆ ಇಳಿದ.

ಮೇಲೆ ಬಂದ ಮೇಲೆ ಕೂಸು ಬೆಚ್ಚಗೆ ನಿದ್ದೆ ಹೋಯಿತು. ಭಯ ಹುಟ್ಟಿಸಿದವಳು ನಿಂಗಮ್ಮ. ಒದ್ದೆ ಸೀರೆಯನ್ನು ಹಿಂಡುತ್ತ, "ಸಂಜಿ ಬಸ್ಸಿಗಿ ನಾ ಇವರನ್ನ ಊರಿಗಿ ಕರಕೊಂಡು ಹೋಗ್ತೀನ್ರಿ. ಬಾಣಂತಿ ಮಂಚದ ತನಕ ನೀರು ಬಂದ ಮನ್ಯಾಗ ಕೂಸು ಇಡಂಗಿಲ್ಲ" ಎಂದಳು. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ನನ್ನ ಮನೆಯಲ್ಲೇ ಇರಿ ಎಂದೆ. "ಎಷ್ಟು ದಿನ ಇರೂದ್ರಿ? ನೀರ ಇಳೀಲಿಲ್ಲಂದ್ರ?" ಎಂದು ಅವಳು ಬಟ್ಟೆ ಗಂಟು ಕಟ್ಟತೊಡಗಿದಳು. ಆ ಮಳೆಯಲ್ಲಿ, ರಾತ್ರಿಯಿಡೀ ಬಸ್ಸಿನಲ್ಲಿ, ಅಂಗೈಯಗಲದ ಕೂಸು. ರೇಣುಕಾ ಅಳುತ್ತಿದ್ದಳು. ತಾಯಿಯ ಮಾತು ಮೀರುವ ಶಕ್ತಿ ಹಸಿ ಬಾಣಂತಿಗೆ ಎಲ್ಲಿಂದ ಬರಬೇಕು? ಬಸ್ಸಿನ ಹೊತ್ತಿನೊಳಗೆ ನೀರು ಇಳಿಯಬೇಕು, ಇಲ್ಲವಾದರೆ ಕೂಸು ಹೊರಡುತ್ತದೆ. ನನಗೆ ಬೇರೇನೂ ಹೊಳೆಯಲಿಲ್ಲ.

ನಾನೂ ಬೀದಿಗೆ ಇಳಿದೆ. ಮೊಣಕಾಲುದ್ದ ನೀರು. ಬಸವರಾಜ ಮತ್ತು ಅವನ ಜೊತೆ ಕೆಲಸ ಮಾಡುವವರು ಸೇರಿ ಮೋರಿಯ ಬಾಯಿಗಳಿಂದ ಬಾಳೆಕಂದು ಎಳೆದೆಳೆದು ಹಾಕುತ್ತಿದ್ದರು. ಎಳೆದದ್ದು ಎಷ್ಟಾದರೂ ನೀರು ಜಗ್ಗಲಿಲ್ಲ. ಕಟ್ಟಿಕೊಂಡದ್ದು ಅಲ್ಲಿರಲಿಲ್ಲ. ಹನುಮಂತರಾಯಪ್ಪನವರ ರ‍್ಯಾಂಪಿನ ಕೆಳಗೆ, ಆಚೆಯಿಂದ ಗಳ ಹಾಕಿದರೂ ಈಚೆಯಿಂದ ಹಾಕಿದರೂ ಎಟುಕದ ನಡುಮಧ್ಯದಲ್ಲಿ, ಇಡೀ ಬೀದಿಯ ಹಬ್ಬ ಸಿಕ್ಕಿಹಾಕಿಕೊಂಡಿತ್ತು. ಮೇಲೆ ಗ್ರಾನೈಟು, ಅದರ ಮೇಲೆ ಹೂವಿನ ಹಾರ ಹಾಕಿಕೊಂಡ ಕಾರು, ಅದರಾಚೆ ಎತ್ತರದ ಜಗುಲಿಯ ಮೇಲೆ ಪಂಚೆ ಎತ್ತಿ ಕಟ್ಟಿ ನಿಂತ ಹನುಮಂತರಾಯಪ್ಪನವರು. ಅವರ ಮನೆಗೆ ಒಂದು ತೊಟ್ಟು ನೀರು ಹೋಗಿರಲಿಲ್ಲ.

ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಸಿದ್ಧ ಮಾಡಿಕೊಂಡೇ ನಾನು ನೀರನ್ನು ಸೀಳಿಕೊಂಡು ಅವರ ಮುಂದೆ ಹೋಗಿ ನಿಂತೆ. ಅವರು ನನಗೆ ಬಾಯಿ ತೆರೆಯಲು ಬಿಡಲಿಲ್ಲ.

"ಮಗು ಎಲ್ಲೈತಮ್ಮ?"

"ನಮ್ಮನೇಲಿದೆ. ನೀರು ಇಳೀದಿದ್ರೆ ಸಂಜೆ ಬಸ್ಸಿಗೆ ಯಾದಗಿರಿಗೆ ಕರ್ಕೊಂಡು ಹೋಗ್ತಾರಂತೆ."

ಅವರು ಒಂದು ಸಲ ಕಾರನ್ನೂ ಒಂದು ಸಲ ಕಲ್ಲನ್ನೂ ನೋಡಿದರು. ನಾನು ಆ ಮುಖವನ್ನು ಮರೆಯಲಾರೆ. ಹೊಸ ಬಟ್ಟೆಗೆ ಕತ್ತರಿ ಹಾಕಬೇಕಾದವನ ಮುಖ. ಆಮೇಲೆ ಒಳಗೆ ಹೋಗಿ ಕೀ ತಂದು, ತಾವೇ ಕಾರನ್ನು ಇಳಿಸಿ ಬೀದಿಯ ನೀರಿನಲ್ಲಿ ನಿಲ್ಲಿಸಿದರು. "ಒಡೀರೋ. ನೋಡ್ತಾ ನಿಂತ್ಕೊಂಡ್ರೆ ಅದೇ ಒಡ್ಕೊಳ್ತದಾ?" ಎಂದು ಬಸವರಾಜನ ಮೇಲೆ ರೇಗಿದರು. ಕಲ್ಲು ಒಡೆಯಲು ಹೇಳುವಾಗ ಯಾರ ಮೇಲಾದರೂ ರೇಗಲೇಬೇಕು, ಪಾಪ.

ಹಾರೆ, ಸುತ್ತಿಗೆಗಳಿಗೆ ನಮ್ಮ ಬೀದಿಯಲ್ಲಿ ಬರವಿಲ್ಲ. ಮನೆಮನೆಯಿಂದ ಬಂದವು. ಒಂದೊಂದರ ಮೇಲೂ ಹಿಂದಿನ ದಿನದ ವಿಭೂತಿ, ಕುಂಕುಮ ಹಾಗೆಯೇ ಇತ್ತು. ಹಿಡಿಗೆ ಕಟ್ಟಿದ ಸೇವಂತಿಗೆ ಕೂಡ ಬಿಚ್ಚಿರಲಿಲ್ಲ. ಪೂಜೆಯಾದ ಮೇಲೆ ಅವು ಮಾಡಿದ ಮೊದಲ ಕೆಲಸ ಆ ಗ್ರಾನೈಟು ಒಡೆದದ್ದು. ಗಟ್ಟಿ ಕೆಲಸ ಮಾಡಿಸಿದ್ದರು ಹನುಮಂತರಾಯಪ್ಪನವರು, ಅಷ್ಟು ಸುಲಭಕ್ಕೆ ಬಿಡಲಿಲ್ಲ. ಕೊನೆಗೆ ಚಪ್ಪಡಿ ಎದ್ದಿತು. ಒಳಗಿನ ಬಾಳೆಕಂದುಗಳ ಮುದ್ದೆಯನ್ನು ಹಗ್ಗ ಹಾಕಿ ಎಳೆದರು. ಮೋರಿ ಒಮ್ಮೆ ಗಂಟಲು ಸರಿಮಾಡಿಕೊಂಡಿತು, ಆಮೇಲೆ ಹರಿಯಿತು. ಒಡೆದ ಕುಂಬಳಕಾಯಿಗಳು ಒಂದರ ಹಿಂದೆ ಒಂದು ಉರುಳಿ ಹೊರಬಂದಾಗ, ಅಷ್ಟು ಹೊತ್ತು ಹಲ್ಲು ಕಚ್ಚಿಕೊಂಡಿದ್ದವರೆಲ್ಲ ನಗತೊಡಗಿದರು. "ಅದು ನಮ್ಮದು ಕಣ್ರೀ!" ಎಂದು ಯಾರೋ ತಮ್ಮ ಕುಂಬಳಕಾಯಿಯ ಗುರುತನ್ನೂ ಹಿಡಿದರು.

ಬೆಳಕಿರುವಾಗಲೇ ಬೀದಿ ಕಂಡಿತು. ನಿಂಗಮ್ಮ ಬಾಲ್ಕನಿಯಿಂದ ಬಹಳ ಹೊತ್ತು ಕೆಳಗೆ ನೋಡಿ, ಒಳಗೆ ಹೋಗಿ, ಕಟ್ಟಿದ್ದ ಗಂಟನ್ನು ಬಿಚ್ಚಿದಳು. ನನಗೆ ಅಷ್ಟು ಸಂತೋಷ ಕೊಟ್ಟ ಇನ್ನೊಂದು ಗಂಟು ಬಿಚ್ಚುವಿಕೆ ನೆನಪಿಲ್ಲ. ಆದರೆ ಅವಳದೊಂದು ಷರತ್ತಿತ್ತು. ನೀರಾಗಿ ಮನೆಗೆ ಬಂದ ಗಂಗವ್ವನನ್ನು ಸರಿಯಾಗಿ ಕಳಿಸಿಕೊಟ್ಟ ಮೇಲೆಯೇ ಕೂಸು ಕೆಳಗಿನ ಮನೆಗೆ ಇಳಿಯುವುದು, ಅಲ್ಲಿಯವರೆಗೆ ಇಲ್ಲೇ. ಇಲ್ಲೇ ಎಂದರೆ ನನ್ನ ಹಾಲಿನಲ್ಲಿ, ನನ್ನ ಸೋಫಾದ ಪಕ್ಕದಲ್ಲಿ, ಕೆಂಡದ ಬಾಣಲೆಯ ಸಮೇತ.

ಹಾಗೆ ಕೂಸು ನನ್ನ ಮನೆಯಲ್ಲಿ ಬೆಳೆಯಿತು. ಕೆಳಗೆ ಗೋಡೆ ಒಣಗಿತು, ಸುಣ್ಣವಾಯಿತು. ಹನುಮಂತರಾಯಪ್ಪನವರು ಮತ್ತೆ ಗ್ರಾನೈಟು ಹಾಕಿಸಲಿಲ್ಲ. ಬಸವರಾಜನ ಜೊತೆಯವರಿಂದ ಎತ್ತಿ ಇಡಬಹುದಾದ ಕಬ್ಬಿಣದ ಜಾಲರಿ ಮಾಡಿಸಿದರು. ಅದನ್ನು ನೋಡಿ ಉಳಿದವರೂ ತಮ್ಮ ರ‍್ಯಾಂಪುಗಳ ಕಡೆ ಸ್ವಲ್ಪ ನಾಚಿಕೊಂಡು ನೋಡತೊಡಗಿದ್ದಾರೆ. ಪಾಲಿಕೆಯ ಕೆಲಸದವರು ಬಂದು ಹೂಳು ತೆಗೆದ ದಿನ ನಾನು ಅವರಿಗೆ ಕಾಫಿ ಕೊಟ್ಟೆ. ಮೋರಿಯ ಮೊದಲ ಫೋಟೊ ತೆಗೆದದ್ದು ಅವತ್ತೇ. ಆ ಜನ ಹೆಗಲವರೆಗೆ ಕೆಸರಿನಲ್ಲಿ ನಿಂತು ಎತ್ತಿ ಹಾಕಿದ್ದೆಲ್ಲ ನಾವು ಹಾಕಿದ್ದು. ನನ್ನ ಮನೆಯ ನೆಲ ಒಣಗಿರುವುದಕ್ಕೆ ಎಷ್ಟು ಜನರ ಕೈಗಳು ಒದ್ದೆಯಾಗುತ್ತವೆ ಎಂದು ನಾನು ಯೋಚಿಸಿದ್ದು ಅದೇ ಮೊದಲು. ಏಡಿಗಳ ಕಥೆಯನ್ನೂ ಈಗ ನಿಂತು ಕೇಳುತ್ತೇನೆ, ಪೂರ್ತಿಯಾಗಿ ಅಲ್ಲದಿದ್ದರೂ.

ಬಾಣಂತಿ ಹೊರಗೆ ಬರುವ ದಿನ ಗಂಗೆಪೂಜೆ ಮಾಡಬೇಕು. ಊರಿನಲ್ಲಾದರೆ ಬಾವಿಗೋ ಹಳ್ಳಕ್ಕೋ ಹೋಗುತ್ತಾರೆ. ಇಲ್ಲಿ ಎಲ್ಲಿಗೆ ಹೋಗುವುದು? ನಲ್ಲಿಗೆ ಮಾಡೋಣ, ಸಂಪಿನ ಮುಚ್ಚಳಕ್ಕೆ ಮಾಡೋಣ ಎಂದು ನಾನು ಸೂಚಿಸಿದೆ. ನಿಂಗಮ್ಮ ಒಪ್ಪಲಿಲ್ಲ. "ನಮ್ಮ ಮನೀಗಿ ಬಂದಾಕಿ ಆಕಿ. ಆಕೀನ್ನೇ ಕಳಸಬೇಕರಿ" ಎಂದು ಮಗಳ ಕೈಯಲ್ಲಿ ತಟ್ಟೆ ಕೊಟ್ಟು ನೇರವಾಗಿ ಮೋರಿಯ ಜಾಲರಿಯ ಬಳಿಗೆ ನಡೆದಳು. ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು, ಹಸಿರು ಕುಪ್ಪಸದ ಖಣ. ಹಿಂದಿನ ದಿನದ ಮಳೆಗೆ ಮೋರಿಯಲ್ಲಿ ನೀರು ಸೊಗಸಾಗಿ ಓಡುತ್ತಿತ್ತು. ಬೀದಿಯವರು ಬಾಗಿಲುಗಳಿಗೆ ಬಂದು ನಿಂತರು. ಹನುಮಂತರಾಯಪ್ಪನವರು ಜಾಲರಿಗೆ ತಾವೇ ನೀರು ಚೆಲ್ಲಿ ತೊಳೆದಿದ್ದರು.

ರೇಣುಕಾ ಅರಿಸಿನ ಕುಂಕುಮ ಏರಿಸಿದಳು. ನಿಂಗಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, ಕರೆಯದೆ ಬಂದ ನೆಂಟಳಿಗೆ ಹೇಳುವಂತೆ ಹೇಳಿದಳು: "ಬಂದಿ, ಕೂಸಿನ ಮಾರಿ ನೋಡಿದಿ. ಆತಿಲ್ಲ? ಬಂದಾಕಿನ್ನ ಬರಿಗೈಲೆ ಕಳಸಾಂಗಿಲ್ಲ. ಉಡಿ ತುಂಬಿಸ್ಕೊ, ನಿನ್ನ ಹಾದಿ ಹಿಡಕೊಂಡು ಹೋಗವ್ವ." ರೇಣುಕಾ ಜಾಲರಿ ಎತ್ತಿಸಿ, ಖಣದಲ್ಲಿ ಕಾಯಿ ಅಕ್ಕಿ ಸುತ್ತಿ, ನೀರಿಗೆ ಬಿಡಲು ಬಗ್ಗಿದಳು.

"ಅಯ್ಯೋ, ಹಾಕ್ಬೇಡಮ್ಮ!" ಎಂದು ನಾನು ಕಿರುಚಿದೆ. ನನ್ನ ಜೊತೆಗೆ ಹನುಮಂತರಾಯಪ್ಪನವರೂ, ಇನ್ನೂ ನಾಲ್ಕಾರು ಬಾಗಿಲುಗಳೂ ಕಿರುಚಿದವು.

ನಿಂಗಮ್ಮ ತಿರುಗಿ ನಿಂತಳು. ತೆಗೆದ ಉಡಿಯನ್ನು ವಾಪಸು ಮನೆಗೆ ಒಯ್ಯುವಂತಿಲ್ಲ. ನೀರಿಗೆ ಬಿಡಲು ನಾವು ಬಿಡುವುದಿಲ್ಲ. "ಹಂಗಾರ ಯಾರಿಗಿ ತುಂಬ್ಲಿ?" ಎಂದು ಬೀದಿಯನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆಗೆ ಗದ್ದ ಎತ್ತಿ, "ಆಕಿ ಬದಲಿ ನೀವು ತಗೋರಿ. ಹಿಡೀರಿ ಸೆರಗ" ಎಂದಳು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಯಜಮಾನರು ಹೋದ ಮೇಲೆ ಯಾವ ಮನೆಯ ಶುಭಕಾರ್ಯದಲ್ಲೂ ನನ್ನ ಸೆರಗಿಗೆ ಯಾರೂ ಅಕ್ಕಿ ಹಾಕಿಲ್ಲ. ಅರಿಸಿನ ಕುಂಕುಮ ಹಂಚುವ ಹೊತ್ತಿಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುವುದನ್ನು ನಾನೇ ರೂಢಿ ಮಾಡಿಕೊಂಡಿದ್ದೇನೆ. ಮೆಲ್ಲಗೆ, ಅವಳಿಗೆ ಮಾತ್ರ ಕೇಳುವ ಹಾಗೆ, "ನಿಂಗಮ್ಮ, ನಿಮಗೆ ಗೊತ್ತಲ್ಲ. ನನಗೆ ಬೇಡ" ಎಂದೆ.

ಅವಳು ಮೆಲ್ಲಗೆ ಮಾತಾಡಲು ಕಲಿತವಳಲ್ಲ. ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು: "ಗಂಗವ್ವಗ ಉಡಿ ತುಂಬೋ ಮುಂದ, ನಿನ್ನ ಗಂಡ ಎಲ್ಲದಾನ ಅಂತ ಯಾರರೆ ಕೇಳ್ತಾರೇನ್ರಿ? ಹಿಡೀರಿ."

ಹಿಡಿದೆ. ರೇಣುಕಾ ಖಣ ಬಿಚ್ಚಿ ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿದಳು, ಮೇಲೆ ಕಾಯಿ ಇಟ್ಟಳು, ಕಾಲಿಗೆ ನಮಸ್ಕಾರ ಮಾಡಿದಳು. ಸೆರಗು ಭಾರವಾಗಿತ್ತು. ಕಣ್ಣು ತುಂಬಿಕೊಂಡದ್ದರಿಂದ ಯಾರು ಯಾರು ನೋಡುತ್ತಿದ್ದಾರೆ ಎಂಬುದು ನನಗೆ ಕಾಣಿಸಲಿಲ್ಲ. ಮೋರಿಯ ನೀರು ತನಗೆ ಬರಬೇಕಾದುದನ್ನು ನನಗೆ ಬಿಟ್ಟುಕೊಟ್ಟು, ಏನೂ ತಕರಾರಿಲ್ಲದೆ ಮುಂದೆ ಹೋಗುತ್ತಿತ್ತು. ಅವತ್ತು ಸಂಜೆ ಆ ಅಕ್ಕಿಯಿಂದ ಪಾಯಸ ಮಾಡಿ ಬೀದಿಗೆಲ್ಲ ಕೊಟ್ಟೆ, ಮತ್ತು ಕಾಯಿಯ ಜುಟ್ಟನ್ನು ಯಾವ ಅಳುಕೂ ಇಲ್ಲದೆ ಹಸಿಕಸದ ಬುಟ್ಟಿಗೆ ಹಾಕಿದೆ.